ಪೂರ್ತಿ ಓದಿ ಮೇಡಂ

ಹೊಸದಾಗಿ ಲ್ಯಾಬ್ ಇನ್‌ಸ್ಟ್ರಕ್ಟರ್ ಕೆಲಸಕ್ಕೆ ಸೇರಿದವರು ಆಗಾಗ ನನಗೆ ಫೋನ್ ಮಾಡುತ್ತಾರೆ. "ಮೇಡಂ, ಲಿನಕ್ಸಲ್ಲಿ ಕಂಪೈಲ್ ಆಗ್ತಾ ಇಲ್ಲ, ಎಂತ ಮಾಡೋದು?" ಎಂದು ಶುರು. "ಅದು ಏನು ಹೇಳ್ತಾ ಇದೆ?" ಎಂದು ಕೇಳುತ್ತೇನೆ. "ಏನೋ ಎರರ್ ಹೇಳ್ತಾ ಇದೆ ಮೇಡಂ" ಎಂಬ ಉತ್ತರ ಬರುತ್ತದೆ. ನನಗೆ ಆಗ ಮೈಯೆಲ್ಲ ಉರಿಯುತ್ತದೆ. ಡಾಕ್ಟರ ಎದುರು ಕೂತು "ಎಲ್ಲೋ ಏನೋ ನೋವು" ಎಂದು ಹೇಳಿ ಎದ್ದುಬರುತ್ತೀರಾ? ಈಚೆಗಂತೂ ಎರರನ್ನು ಓದದೆಯೇ ಫೋನಿನಲ್ಲಿರುವ ಬುದ್ಧಿವಂತ ಯಂತ್ರಕ್ಕೆ ಅಂಟಿಸಿ, ಅದು ಹೇಳಿದ್ದನ್ನೂ ಓದದೆ ತಂದು ಲ್ಯಾಬಿನ ಕಂಪ್ಯೂಟರಿಗೆ ಅಂಟಿಸುವವರಿದ್ದಾರೆ. ಬೈದರೆ ಮುದುಕಿ ಗೊಣಗುತ್ತಾಳೆ ಎನ್ನುತ್ತಾರೆ. ಹಾಗಾಗಿ ಬೈಯುವುದನ್ನು ಬಿಟ್ಟು ಬರೆಯಲು ಕೂತಿದ್ದೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ಊರುಗಳ ಕಾಲೇಜು ಲ್ಯಾಬುಗಳಲ್ಲಿ ನನ್ನ ಕೆಲಸ ಕಳೆಯಿತು. ಬಡ್ತಿ ಯಾವಾಗ ಸಿಕ್ಕಿತು ಎಂದು ಕೇಳಿದರೆ ಸರ್ವಿಸ್ ರಿಜಿಸ್ಟರ್ ತೆಗೆದು ನೋಡಬೇಕು. ಆದರೆ ಯಾವ ಲ್ಯಾಬಿನ ಯಾವ ಕಂಪ್ಯೂಟರಿನಲ್ಲಿ ಯಾವ ಫೈಲು ಇರಲಿಲ್ಲ ಎಂದು ಕೇಳಿ, ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತೇನೆ.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಸಾಗರದಲ್ಲಿ ಬೆಸುಗೆ ಕಡ್ಡಿ ಹಿಡಿದುಕೊಂಡು ಹಾಯಾಗಿದ್ದವಳನ್ನು ಒಂದು ರಜೆಯಲ್ಲಿ ಕಂಪ್ಯೂಟರ್ ಲ್ಯಾಬಿಗೆ ತಂದು ಕೂರಿಸಿದರು. ಅದೇ ರಜೆಯಲ್ಲಿ ಎಲ್ಲ ಕಂಪ್ಯೂಟರುಗಳಿಗೂ ಲಿನಕ್ಸ್ ಹಾಕಬೇಕೆಂದು ಆದೇಶ ಬಂತು. ಹಾಕಿದೆವು. ರಜೆ ಮುಗಿದ ಮೊದಲ ದಿನವೇ, ಪರದೆಯ ಮೇಲೆ ಹಾವು ಓಡಿಸುವ ಆಟವೊಂದನ್ನು ಬರೆದಿದ್ದ ವಿದ್ಯಾರ್ಥಿ ಕೈಯೆತ್ತಿದ. ಹೋಗಿ ನೋಡಿದರೆ curses.h ಎಂಬ ಫೈಲು ಇಲ್ಲ, ಕಂಪೈಲ್ ನಿಲ್ಲಿಸಿದ್ದೇನೆ ಎಂದು, ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಹೇಳುತ್ತಿತ್ತು. ಪಕ್ಕದ ಕಂಪ್ಯೂಟರಿನಲ್ಲೂ ಅದೇ ಮಾತು, ಅದರ ಪಕ್ಕದ್ದರಲ್ಲೂ ಅದೇ.

ಫೈಲು ಇಲ್ಲ ಎಂದರೆ ಯಾರೋ ಅಳಿಸಿರಬೇಕು. ನನ್ನ ತರ್ಕ ಅಷ್ಟೇ ಇದ್ದದ್ದು. ಕ್ಲಾಸಿನ ಎದುರು ನಿಂತು, "ಯಾರು ಡಿಲೀಟ್ ಮಾಡಿದ್ದು ಹೇಳಿ. ಹೇಳೋ ತನಕ ಒಬ್ರೂ ಊಟಕ್ಕೆ ಹೋಗಂಗಿಲ್ಲ" ಎಂದು ಗುಡುಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ನಾನೇ ಮೇಡಂ. ಆದ್ರೆ ಅದು ಹಾಡಿನ ಫೋಲ್ಡರು" ಎಂದ. ಹಾಡಿಗೂ ಹಾವಿಗೂ ಏನು ಸಂಬಂಧವೆಂದು ಇಡೀ ಕ್ಲಾಸು ನಕ್ಕಿತು. ನಾನು ನಗಲಿಲ್ಲ.

ಆಗ ಒಳಗೆ ಬಂದವರು ಗಣಪತಿ. ನಮ್ಮ ಲೆಕ್ಚರರು, ಎದುರಿಗಿದ್ದವರು ಯಾರೇ ಆಗಲಿ ತಮ್ಮ ಮನೆಮಾತನ್ನೇ ಆಡುವ ಪುಣ್ಯಾತ್ಮರು. "ಮಕ್ಕಳಿಗೆ ಎಂತಕ್ಕೆ ಬೈತೆ ವಿಶಾಲಾಕ್ಷಿ? ಆ ಫೈಲು ಅಲ್ಲಿ ಹುಟ್ಟಿದ್ದೇ ಇಲ್ಲೆ" ಎಂದರು.

ಅವರು ಅಂದು ಹೇಳಿಕೊಟ್ಟದ್ದನ್ನೇ ನಿಮಗೂ ಹೇಳುತ್ತೇನೆ. ಲೈಬ್ರರಿ ಎಂದರೆ ಹಲವು ಪ್ರೋಗ್ರಾಮುಗಳು ಬಳಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು. ಲಿನಕ್ಸಿನಲ್ಲಿ ಅದು ಸಾಮಾನ್ಯವಾಗಿ ಎರಡು ಪ್ಯಾಕೇಜುಗಳಾಗಿ ಬರುತ್ತದೆ. ಒಂದು, ಸಿದ್ಧವಾದ ಪ್ರೋಗ್ರಾಮುಗಳು ಓಡುವುದಕ್ಕೆ. ಇನ್ನೊಂದು, ಹೊಸ ಪ್ರೋಗ್ರಾಮು ಕಟ್ಟುವವರಿಗೆ; ಅದರ ಹೆಸರಿನ ಕೊನೆಯಲ್ಲಿ ಡೆವ್ ಎಂದಿರುತ್ತದೆ. ನಲ್ಲಿಯಲ್ಲಿ ನೀರು ಹಿಡಿಯುವವರಿಗೆ ನಲ್ಲಿ ಇದ್ದರೆ ಸಾಕು. ಅದಕ್ಕೆ ಹೊಸ ಪೈಪು ಜೋಡಿಸುವವನಿಗೆ ತಿರುಪಿನ ಅಳತೆ ಬೇಕು. ಆ ಅಳತೆಯ ಚೀಟಿಯೇ ಈ curses.h ಥರದ ಹೆಡರ್ ಫೈಲು. ಅದು ತಾನಾಗಿ ಬರುವುದಿಲ್ಲ, ನಾವು ಕೇಳಿ ತರಿಸಿಕೊಳ್ಳಬೇಕು. libncurses-dev ಎಂಬುದನ್ನು ಹಾಕಿದರೆ ಹಾವು ಓಡುತ್ತದೆ.

ಇಷ್ಟು ಹೇಳಿ ಅವರು ಊಟಕ್ಕೆ ಹೋದರು. ನನಗೋ ಜಂಭ. ಒಂದು ಫೈಲಿಗಾಗಿ ಇಡೀ ಪ್ಯಾಕೇಜು ಏಕೆಂದು, ಅವರ ಕಂಪ್ಯೂಟರಿನಿಂದ ಆ ಒಂದೇ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ಲ್ಯಾಬಿನ ಎಲ್ಲ ಕಂಪ್ಯೂಟರುಗಳಿಗೂ ಹಂಚಿದೆ. ಮೊದಲ ಎರರ್ ಹೋಯಿತು. ಈಗ, ಕಂಪೈಲಾದ ತುಂಡುಗಳನ್ನು ಲೈಬ್ರರಿಗೆ ಜೋಡಿಸುವ ಲಿಂಕರ್ ಎದ್ದು ಕೂತು "ನನಗೆ ಲೈಬ್ರರಿ ಸಿಗುತ್ತಿಲ್ಲ" ಎಂದಿತು. ಅದನ್ನೂ ಕಾಪಿ ಮಾಡಿದೆ. ಅರ್ಧ ಕಂಪ್ಯೂಟರುಗಳಲ್ಲಿ ಹಾವು ಓಡಿತು, ಇನ್ನರ್ಧದಲ್ಲಿ ಅದುವರೆಗೆ ಚೆನ್ನಾಗಿದ್ದ ಬೇರೆ ಪ್ರೋಗ್ರಾಮುಗಳೂ ಮಲಗಿದವು. ಇರಲಾರದೆ ಇರುವೆ ಬಿಟ್ಟುಕೊಂಡೆ. ಬಿಟ್ಟುಕೊಂಡದ್ದನ್ನು ಒಂದೊಂದಾಗಿ ಹೆಕ್ಕಿ ತೆಗೆಯಲು ಆ ವಾರವೆಲ್ಲ ಹೋಯಿತು. ಹೆಡರ್ ಫೈಲನ್ನು ಒಂಟಿಯಾಗಿ ಕಾಪಿ ಮಾಡಬೇಡಿ. ನಿಮ್ಮಲ್ಲೂ ಒಬ್ಬರಾದರೂ ಮಾಡುತ್ತೀರಿ ಎಂದು ನನಗೆ ಗೊತ್ತು, ಆದರೂ ಹೇಳುತ್ತಿದ್ದೇನೆ.

ಅಲ್ಲಿಂದ ಹೊಸನಗರಕ್ಕೆ ವರ್ಗವಾಯಿತು. ಅಲ್ಲಿನ ಇಂಟರ್ನೆಟ್ಟು ಬಹಳ ಸೂಕ್ಷ್ಮ ಪ್ರಕೃತಿಯದು. ಲಿಂಗನಮಕ್ಕಿ ಕಡೆ ಮೋಡ ಕಂಡರೆ ಸಾಕು, ಇಲ್ಲಿ ಲೈನು ಹೋಗುತ್ತಿತ್ತು. ಒಂದು ಸಲ ಚಿತ್ರ ತೋರಿಸುವ ಲೈಬ್ರರಿಯೊಂದರ ಡೆವ್ ಪ್ಯಾಕೇಜು ತುರ್ತಾಗಿ ಬೇಕಾಯಿತು. ನಮ್ಮ ಕಡೆ ತುರ್ತಾಗಿ ಏನು ಬೇಕಾದರೂ ಬರುವ ದಾರಿ ಒಂದೇ, ಬಸ್ಸು. ಹೊಲಿದ ರವಿಕೆ, ಚಷ್ಮಾ, ಔಷಧಿ ಎಲ್ಲ ಬಸ್ಸಿಗೆ ಕೊಟ್ಟು ಕಳಿಸುವುದೇ ತಾನೇ? ಗಣಪತಿಯವರು ಸಾಗರದಲ್ಲಿ ಪ್ಯಾಕೇಜನ್ನು ಪೆನ್‌ಡ್ರೈವಿಗೆ ಹಾಕಿ, ಕವರಿನ ಮೇಲೆ ನನ್ನ ಹೆಸರು ಬರೆದು ಬಸ್ಸಿಗೆ ಕೊಟ್ಟರು. ರಿಪ್ಪನ್‌ಪೇಟೆಯಲ್ಲಿ ಅದು ಬಸ್ಸು ಬದಲಿಸಿ, ಕಂಡಕ್ಟರ್ ಶೇಖರನ ಕಿಸೆಯಲ್ಲಿ ಕೂತು ಹೊಸನಗರಕ್ಕೆ ಬಂತು.

ಹಾಕಲು ಹೋದರೆ, ಆ ಪ್ಯಾಕೇಜು ತನಗೆ ಇನ್ನೊಂದು ಪ್ಯಾಕೇಜು ಬೇಕು ಎಂದಿತು. ಫೋನ್ ಮಾಡಿದೆ. ಮರುದಿನದ ಬಸ್ಸಿಗೆ ಅದು ಬಂತು. ಅದಕ್ಕೆ ಮತ್ತೊಂದು ಬೇಕಿತ್ತು. ಬೀಗರ ಊಟಕ್ಕೆ ಕರೆದ ಹಾಗೆ, ಒಬ್ಬರನ್ನು ಕರೆದರೆ ಅವರ ಕಡೆಯವರನ್ನೆಲ್ಲ ಕರೆಯಬೇಕಾಯಿತು. ಮೂರನೆಯ ದಿನ ಶೇಖರ ಬಸ್ಸಿನ ಬಾಗಿಲಿನಿಂದಲೇ ಕೂಗಿದ, "ಮೇಡಂ, ಇವತ್ ಯಾವ್ದು ಕಮ್ಮಿ ಅಂತೆ?" ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ದಿನವೂ ಕೂರುತ್ತಿದ್ದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು, "ಔಷಧಿ ಬಂತಾ ತಂಗಿ? ಹುಷಾರಾದ್ರಾ?" ಎಂದು ಕೇಳಿದರು. "ಇನ್ನೂ ಒಂದು ಬರ್ಬೇಕು ಅಜ್ಜಿ" ಎಂದೆ. ಅವರು ಮನೆದೇವರಿಗೆ ಹರಕೆ ಹೇಳಿಕೊಂಡರು.

ನಾಲ್ಕನೆಯ ದಿನ ಎಲ್ಲ ಸೇರಿದವು. ಆಗ ತಿಳಿದದ್ದು, ಗಣಪತಿಯವರ ಕಂಪ್ಯೂಟರು ಅರವತ್ನಾಲ್ಕು ಬಿಟ್ಟಿನದು, ನಮ್ಮವು ಹಳೆಯ ಮೂವತ್ತೆರಡರವು. ನಾಲ್ಕು ಬಸ್ಸಿನಲ್ಲಿ ಬಂದದ್ದೆಲ್ಲ ನಮಗೆ ನಿರುಪಯೋಗಿ. ನಾನು ಫೋನಿನಲ್ಲಿ ಕೂಗಾಡಿದೆ. ಅವರು ಶಾಂತವಾಗಿ, "ನೀನು ಹೇಳಿದ್ದಿಲ್ಲೆ, ನಾ ಕೇಳಿದ್ದಿಲ್ಲೆ" ಎಂದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆಮೇಲೆ ಒಂದು ಕ್ರಮ ಮಾಡಿಕೊಂಡೆವು. ಯಂತ್ರ ಯಾವುದು, ಲಿನಕ್ಸಿನ ಆವೃತ್ತಿ ಯಾವುದು ಎಂದು ಮೊದಲು ಹೇಳುವುದು. ಆಮೇಲೆ ಎರರನ್ನು ಒಂದಕ್ಷರ ಬಿಡದೆ ಫೋನಿನಲ್ಲಿ ಗಟ್ಟಿಯಾಗಿ ಓದುವುದು. ಅದೇ ಕ್ರಮವನ್ನು ನಾನು ಲ್ಯಾಬಿಗೂ ತಂದೆ. ಎರರ್ ಬಂದ ವಿದ್ಯಾರ್ಥಿ ಎದ್ದು ನಿಂತು ಮೊದಲ ಎರರನ್ನು ಮಗ್ಗಿ ಒಪ್ಪಿಸುವ ಹಾಗೆ ಓದಬೇಕು. ಮೊದಲನೆಯದು ಮಾತ್ರ, ಕೆಳಗಿನ ಐವತ್ತು ಸಾಲು ಹೆಚ್ಚಾಗಿ ಅದರದೇ ಸಂತಾನ. ಓದುತ್ತಿದ್ದ ಹಾಗೆಯೇ ಅರ್ಧ ಜನ "ಓ, ಗೊತ್ತಾಯ್ತು ಮೇಡಂ" ಎಂದು ಕೂತುಬಿಡುತ್ತಿದ್ದರು. ಇಡೀ ಕೆಲಸದಲ್ಲಿ ನಾನು ಮಾಡಿದ ಒಂದು ಒಳ್ಳೆಯ ಏರ್ಪಾಡು ಇದೇ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ತೀರ್ಥಹಳ್ಳಿಗೆ ಬಂದಾಗ ಆ ಕೀರ್ತಿ ನನಗಿಂತ ಮುಂಚೆಯೇ ಬಂದಿತ್ತು. ನಮ್ಮ ವಿಭಾಗದ ಮುಖ್ಯಸ್ಥರು ಪ್ರಭಾಕರ್ ಎಂಬವರು. ಗುಂಡಗಿನ ಅಕ್ಷರ, ಇಸ್ತ್ರಿ ಮಾಡಿದ ಅಂಗಿ, ಬಾಯಿ ತೆರೆದರೆ "ನಿಯಮದಲ್ಲಿ ಇದ್ಯಾ?" ಅವರು ನಕ್ಕದ್ದನ್ನು ಕಂಡವರು ಯಾರೂ ಇರಲಿಲ್ಲ.

ನಾಗವೇಣಿ ಸಿಕ್ಕಿದ್ದು ಅಲ್ಲಿಯೇ. ಹುಟ್ಟಿನಿಂದ ಕಣ್ಣು ಕಾಣದ ಹುಡುಗಿ, ಮಾತು ಮಾತ್ರ ಸೂಜಿಯ ಮೊನೆ. ಅವಳು ಲ್ಯಾಬಿನಲ್ಲಿ ಕಲಿತದ್ದೆಲ್ಲ ಬೇರೆಯವರು ಗಟ್ಟಿಯಾಗಿ ಓದುತ್ತಿದ್ದ ಎರರುಗಳಿಂದ. ಯಾರಾದರೂ ಎದ್ದು ಓದಲು ಶುರು ಮಾಡಿದರೆ ಮೂಲೆಯಿಂದ ಇವಳ ತೀರ್ಪು ಬರುತ್ತಿತ್ತು, "ಅದಕ್ಕೆ ಡೆವ್ ಪ್ಯಾಕೇಜ್ ಇಲ್ಲ ಕಣೋ, ಹೋದ ತಿಂಗ್ಳು ಸುಮಾಗೂ ಅದೇ ಬಂದಿತ್ತು." ಬಂದ ಎರರುಗಳನ್ನು ನಾನು ಬರೆದಿಡುತ್ತಿದ್ದ ಪುಸ್ತಕ ನೋಡಿದರೆ ಅವಳು ಹೇಳಿದ್ದೇ ಸರಿ.

ಇಂಥವಳು ಹಿಂದಿನ ಸಲದ ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಕಣ್ಣು ಕಾಣದವರಿಗೆ ಬರೆದುಕೊಡಲು ಒಬ್ಬ ಬರಹಗಾರರನ್ನು ಕೊಡುತ್ತಾರೆ. ಆ ಬರಹಗಾರರಿಗೆ ಆ ವಿಷಯ ಗೊತ್ತಿರಬಾರದು ಎಂಬುದು ನಿಯಮ. ಪ್ರಬಂಧಕ್ಕಾದರೆ ಸರಿ. ಪ್ರೋಗ್ರಾಮಿಂಗಿನಲ್ಲಿ ಏನಾಯಿತೆಂದರೆ, ಇವಳು ಸಾಲಿನ ಕೊನೆಗೆ ಸೆಮಿಕೋಲನ್ ಎಂದರೆ ಆ ಬಡಪಾಯಿ ಆ ಚಿಹ್ನೆಯ ಬದಲು ಸೆಮಿಕೋಲನ್ ಎಂಬ ಪದವನ್ನೇ ಟೈಪ್ ಮಾಡುತ್ತಾ ಹೋಗಿದ್ದಾಳೆ. ಸಮಯ ಮುಗಿದರೂ ಕಂಪೈಲ್ ಆಗಲಿಲ್ಲ. ಈ ಸಲವೂ ಹೋದರೆ ಅವಳು ಮುಂದಿನ ವರ್ಷಕ್ಕೆ ಹೋಗುವ ಹಾಗಿರಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತರೆ ಮತ್ತೆ ಓದಲು ಕಳಿಸುವುದಿಲ್ಲವೆಂದು ಅವಳ ಅಣ್ಣ ಹೇಳಿದ್ದ.

"ನಂಗೆ ಬರಹಗಾರ್ತಿ ಬೇಡ ಮೇಡಂ. ಕಂಪ್ಯೂಟರ್ ಮಾತಾಡಿದ್ರೆ ಸಾಕು. ನಾನೇ ಬರೀತೀನಿ" ಎಂದಳು. ಪರದೆಯನ್ನು ಓದಿ ಹೇಳುವ ತಂತ್ರಾಂಶ ನಮ್ಮ ಲ್ಯಾಬಿನಲ್ಲಿ ಇತ್ತು. ಆದರೆ ಪ್ರಶ್ನೆ ಕನ್ನಡದಲ್ಲಿ ಬಂದರೆ ಆ ಹಳೆಯ ದನಿ ಮಂತ್ರವಾದಿಯ ಹಾಗೆ ಏನೋ ಒದರುತ್ತಿತ್ತು. ಕನ್ನಡವನ್ನು ಸರಿಯಾಗಿ ಓದುವ ಹೊಸ ಆವೃತ್ತಿ ಮೂಲ ಕೋಡಾಗಿ ಮಾತ್ರ ಸಿಗುತ್ತಿತ್ತು. ಅದನ್ನು ನಾವೇ ಕಂಪೈಲ್ ಮಾಡಿಕೊಳ್ಳಬೇಕು.

ಪ್ರಭಾಕರ್ ಸರ್ ನಿಯಮದ ಪುಸ್ತಕವನ್ನು ಎರಡು ದಿನ ಓದಿದರು. ಮೂರನೆಯ ದಿನ ಕರೆದು ಹೇಳಿದರು, "ಮಾಡಬಾರದು ಅಂತ ಎಲ್ಲೂ ಇಲ್ಲ. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಅದು ನನ್ನೆದುರು ಮಾತಾಡ್ಬೇಕು. ಮಾತಾಡಿದ್ರೆ ಪರೀಕ್ಷಕರಿಗೆ ಪತ್ರ ಬರೀತೀನಿ. ಇಲ್ಲಾಂದ್ರೆ ಬರಹಗಾರ್ತಿನೇ."

ಶುಕ್ರವಾರ ಬೆಳಿಗ್ಗೆ ನಾನು ಮತ್ತು ನಾಗವೇಣಿ ಕೂತೆವು. ಕಂಪೈಲಿಗೆ ಮುಂಚೆ ಕಾನ್ಫಿಗರ್ ಎಂಬ ತಪಾಸಣೆ ನಡೆಯುತ್ತದೆ. ಅದಿದೆಯೇ, ಇದಿದೆಯೇ ಎಂದು ಒಂದೊಂದಾಗಿ ನೋಡಿ ಯೆಸ್, ನೋ ಎಂದು ಬರೆಯುತ್ತಾ ಹೋಗುತ್ತದೆ. ಅವಳಿಗಾಗಿ ಗಟ್ಟಿಯಾಗಿ ಓದಿದೆ. ಹತ್ತು ಸಾಲು ಓದಿದವಳು "ಯೆಸ್, ಯೆಸ್, ಇತ್ಯಾದಿ ಇತ್ಯಾದಿ" ಎಂದು ಉಳಿದದ್ದನ್ನು ಹಾರಿಸಿದೆ. ಮುಹೂರ್ತ ಮೀರುತ್ತಿರುವ ಪುರೋಹಿತರ ಅವಸರ ನನ್ನದು. ಆಮೇಲೆ ಕಂಪೈಲ್ ಮಾಡಿದೆ. ಒಂದೇ ಒಂದು ಎರರ್ ಇಲ್ಲ! "ಆಯ್ತು ನೋಡೇ!" ಎಂದು ಅವಳ ಬೆನ್ನು ತಟ್ಟಿದೆ. ಅವಳು ಒಂದು ಸಾಲು ಟೈಪ್ ಮಾಡಿ ಗುಂಡಿ ಒತ್ತಿದಳು.

ಯಂತ್ರ ತುಟಿ ಬಿಚ್ಚಲಿಲ್ಲ.

ಸ್ಪೀಕರಿನ ವೈರು ಕಿತ್ತು ಮತ್ತೆ ಸಿಕ್ಕಿಸಿದೆ. ಬೇರೆ ಸ್ಪೀಕರ್ ತಂದೆ. ಹಾಡು ಹಾಕಿದರೆ ಇಡೀ ಕಟ್ಟಡ ಕುಣಿಯುವಷ್ಟು ಜೋರು. ಈ ತಂತ್ರಾಂಶಕ್ಕೆ ಮಾತ್ರ ಮೂಕತನ. ಎರರ್ ಬಂದಿದ್ದರೆ ಹುಡುಕಬಹುದಿತ್ತು. ಎರರೇ ಇಲ್ಲದ್ದನ್ನು ಎಲ್ಲಿ ಹುಡುಕುವುದು? ಊಟ ಬಿಟ್ಟೆ. ಗಂಟೆ ಎರಡಾಯಿತು. ನನಗೆ ಅಳು ಬರುವ ಹಾಗಾಯಿತು. ಈ ಹುಡುಗಿಗೆ ಆಸೆ ಹುಟ್ಟಿಸಿದವಳು ನಾನೇ ಎಂಬುದು ಎದೆಗೆ ಚುಚ್ಚುತ್ತಿತ್ತು.

"ಬೆಳಿಗ್ಗೆ ಓದಿದ್ರಲ್ಲ, ಅದನ್ನ ಇನ್ನೊಂದ್ಸಲ ಓದಿ" ಎಂದಳು ನಾಗವೇಣಿ.

"ಓದಿದ್ನಲ್ಲೇ. ಎಲ್ಲಾ ಯೆಸ್ ಇತ್ತು."

"ಎಲ್ಲಾ ಎಲ್ಲಿ ಓದಿದ್ರಿ? ಇತ್ಯಾದಿ ಇತ್ಯಾದಿ ಅಂದ್ರಿ. ಪೂರ್ತಿ ಓದಿ ಮೇಡಂ."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಊರಿಗೆಲ್ಲ ಒಂದಕ್ಷರ ಬಿಡದೆ ಓದಿ ಎಂದವಳು ನಾನು. ಬಾಯಿ ಮುಚ್ಚಿಕೊಂಡು, ಅಲ್ಲ, ಬಾಯಿ ತೆರೆದು ಮೊದಲಿನಿಂದ ಓದಿದೆ. ಇನ್ನೂರು ಸಾಲಾದರೂ ಇದ್ದಿರಬೇಕು. ಯೆಸ್, ಯೆಸ್, ಯೆಸ್. ನಡುವೆ ಎಲ್ಲೋ, alsa/asoundlib.h, ನೋ.

"ನಿಲ್ಸಿ" ಎಂದಳು. "ಅದು ಸದ್ದಿಂದು."

ಹೌದು, ಸದ್ದಿನದೇ. ಹಾಡು ಹಾಡಿಸುವ ಲೈಬ್ರರಿ ಇತ್ತು, ಅದರ ಡೆವ್ ಪ್ಯಾಕೇಜು ಇರಲಿಲ್ಲ. ಅಳತೆಯ ಚೀಟಿ ಸಿಗದ ತಂತ್ರಾಂಶ, ತಕರಾರು ಮಾಡದೆ, ಸದ್ದಿನ ಭಾಗವನ್ನೇ ಬಿಟ್ಟು ತನ್ನನ್ನು ಕಟ್ಟಿಕೊಂಡಿತ್ತು. ಅದು ಹೇಳಬೇಕಾದ್ದನ್ನು ಹೇಳಿತ್ತು, ಹಾರಿಸಿದ್ದು ನಾನು. ಕೂಗಾಡುವ ಎರರಿಗೆ ಹೆದರಬೇಡಿ; ಸುಮ್ಮನೆ ಸರಿ ಎಂದು ತಲೆಯಾಡಿಸುವ ಕಂಪೈಲನ್ನು ನೋಡಿ ಹೆದರಿ.

libasound2-dev ಹಾಕಿದೆ. ಅವಸರದಲ್ಲಿ, ಕಂಪೈಲ್ ಶುರು ಮಾಡಿಸುವ ಮೇಕ್ ಎಂಬ ಆಜ್ಞೆಯನ್ನಷ್ಟೇ ಕೊಟ್ಟೆ. ಮಾಡುವುದೇನೂ ಇಲ್ಲ ಎಂದು ಅದು ಉತ್ತರ ಕೊಟ್ಟಿತು. ಮೂರಕ್ಕೆ ಇನ್ನು ಹದಿನೈದು ನಿಮಿಷ. ನಾಗವೇಣಿ ನಗಲು ಶುರು ಮಾಡಿದಳು. "ತಪಾಸಣೆಯಿಂದ್ಲೇ ಶುರು ಮಾಡ್ಬೇಕಲ್ವಾ ಮೇಡಂ? ಅದ್ರ ತಲೇಲಿ ಇನ್ನೂ ನೋ ಅಂತ್ಲೇ ಇದೆ." ಹಳೆಯದನ್ನೆಲ್ಲ ಅಳಿಸಿ, ಕಾನ್ಫಿಗರಿನಿಂದ ಮತ್ತೆ ಶುರು ಮಾಡಿ, ಈ ಸಲ ಒಂದೂ ಸಾಲು ಬಿಡದೆ ಓದಿದೆ. ಆ ಸಾಲು ಬಂದಾಗ ಇಬ್ಬರೂ ಒಟ್ಟಿಗೆ ಯೆಸ್ ಎಂದು ಕೂಗಿದೆವು.

ಕಂಪೈಲ್ ಮುಗಿಯುವಾಗ ಪ್ರಭಾಕರ್ ಸರ್ ಬಾಗಿಲಲ್ಲಿ ನಿಂತಿದ್ದರು, ಐದು ನಿಮಿಷ ಮುಂಚೆಯೇ. ನಾಗವೇಣಿ ಏನೋ ಟೈಪ್ ಮಾಡಿ ಗುಂಡಿ ಒತ್ತಿದಳು. ಮೂಗಿನಿಂದ ಬಂದಂಥ, ಆದರೆ ಅಕ್ಷರ ಅಕ್ಷರವೂ ಸ್ಪಷ್ಟವಾದ ಗಂಡಸಿನ ದನಿ ಹೇಳಿತು, "ವಿಶಾಲಾಕ್ಷಿ ಮೇಡಂ ಇತ್ಯಾದಿ ಇತ್ಯಾದಿ."

ನಾನು ನಾಚಿಕೆಯಿಂದ ಕೆಂಪಾದೆ. ಪ್ರಭಾಕರ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ಕನ್ನಡ ಪರವಾಗಿಲ್ಲ. ನಮ್ಮ ಕಡೆದಲ್ಲ, ಅಷ್ಟೆ" ಎಂದರು. ಅವರು ಕಾರಿಡಾರಿನ ತಿರುವು ದಾಟಿದ ಮೇಲೆ ಯಾರೋ ನಗುವ ಸದ್ದು ಕೇಳಿಸಿತು. ಅಲ್ಲಿ ಬೇರೆ ಯಾರೂ ಇರಲಿಲ್ಲ.

ಪತ್ರ ಬರೆದರು. ಯಂತ್ರದ ಮಾತಿನಿಂದ ಉಳಿದವರಿಗೆ ತೊಂದರೆಯಾಗಬಾರದೆಂದು ಪರೀಕ್ಷೆಯ ದಿನ ತಮ್ಮ ಕೊಠಡಿಯನ್ನೇ ಬಿಟ್ಟುಕೊಟ್ಟು, ತಾವು ಅಲ್ಲೇ ಗೋಡೆಯ ಬದಿಗೆ ಸ್ಟೂಲಿನ ಮೇಲೆ ಕೂತರು. ಹೊರಗಿನಿಂದ ಬಂದ ಪರೀಕ್ಷಕರು ಇನ್ನೊಂದು ಬದಿಗೆ. ಸಾಮಾನು ಸರಿ ಇದೆಯೇ ಎಂದು ನೋಡಲು ನಾನು ಬಾಗಿಲಲ್ಲಿ. ಯಂತ್ರ ಪ್ರಶ್ನೆಯನ್ನು ಕನ್ನಡದಲ್ಲಿ ಓದಿತು. ಅವಳು ಎರಡನೆಯ ಸಲ ಕೇಳಿ, ಬೆರಳು ಮುರಿದುಕೊಂಡು, ಟೈಪ್ ಮಾಡತೊಡಗಿದಳು.

ಮೊದಲ ಕಂಪೈಲಿಗೆ ಎರರ್ ಬಂತು. ಪರೀಕ್ಷಕರು ಒಳ್ಳೆಯ ಮನುಷ್ಯ, ಕಣ್ಣೆದುರು ತಪ್ಪು ಕಂಡು ಸುಮ್ಮನಿರಲಾರದೆ ಮುಂದಕ್ಕೆ ಬಾಗಿದರು. "ಅಮ್ಮಾ, ಒಂಬತ್ತನೇ ಸಾಲಲ್ಲಿ..."

"ಹೇಳ್ಬೇಡಿ ಸರ್" ಎಂದಳು ನಾಗವೇಣಿ. "ಅದು ಹೇಳ್ತಾ ಇದೆ."

ಪೂರ್ತಿ ಕೇಳಿಸಿಕೊಂಡಳು. ಒಂಬತ್ತನೆಯ ಸಾಲಿಗೆ ಹೋದಳು, ಒಂದು ಗುಂಡಿ ಒತ್ತಿದಳು. ಮತ್ತೆ ಕಂಪೈಲ್ ಮಾಡಿದಳು. ಪ್ರೋಗ್ರಾಮು ಓಡಿತು. ಸಾಲಾಗಿ ಜೋಡಿಸಿದ ಅಂಕಿಗಳನ್ನು ಯಂತ್ರ ಚಿಕ್ಕದರಿಂದ ದೊಡ್ಡದಕ್ಕೆ ಒಂದೊಂದಾಗಿ ಓದಿ ಮುಗಿಸಿತು. ಪರೀಕ್ಷಕರು ತಾವೇ ಬೇರೆ ಅಂಕಿಗಳನ್ನು ಕೊಟ್ಟು ನೋಡಿದರು. ಅದೂ ಸರಿ ಬಂತು. ಇನ್ನೂ ಅರ್ಧ ಗಂಟೆ ಬಾಕಿ ಇತ್ತು. ನಾನು ಬಾಗಿಲಿನಲ್ಲೇ ಅತ್ತೆ. ಸಂತೋಷಕ್ಕೆ ಅತ್ತದ್ದು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಕೊನೆಗೆ ಒಂದು ನಮೂನೆ ತುಂಬಬೇಕಿತ್ತು. ವಿದ್ಯಾರ್ಥಿಯ ಹೆಸರು, ವಿಷಯ, ದಿನಾಂಕ ಎಲ್ಲ ತುಂಬಿ, ಬರಹಗಾರರ ಹೆಸರು ಎಂಬಲ್ಲಿಗೆ ಬಂದಾಗ ಪರೀಕ್ಷಕರ ಪೆನ್ನು ನಿಂತಿತು. "ಇದನ್ನ ಖಾಲಿ ಬಿಡೋಣ್ವಾ?" ಎಂದರು.

"ಖಾಲಿ ಬಿಡೋ ಹಂಗಿಲ್ಲ. ನಿಯಮ" ಎಂದು ಪ್ರಭಾಕರ್ ಸರ್ ಸ್ಟೂಲಿನಿಂದ ಎದ್ದು ಬಂದರು.

"ಯಾರೂ ಇಲ್ಲ ಅಂತ ಬರೀರಿ ಸರ್" ಎಂದಳು ನಾಗವೇಣಿ.

ಅವರು ಪೆನ್ನು ತೆಗೆದುಕೊಂಡು, ತಮ್ಮ ಗುಂಡಗಿನ ಅಕ್ಷರದಲ್ಲಿ ನಿಧಾನವಾಗಿ ಬರೆದರು. ಬರೆದದ್ದನ್ನು ಅವಳಿಗೆ ಓದಿ ಹೇಳಿದರು, "ಬರಹಗಾರರ ಹೆಸರು: ಯಾರೂ ಇಲ್ಲ."

ಅವಳು ಎದ್ದು ನಿಂತು ಸೀರೆಯ ನೆರಿಗೆ ಸರಿ ಮಾಡಿಕೊಂಡಳು. ಆಮೇಲೆ, "ಇನ್ನೊಂದ್ಸಲ ಓದಿ ಸರ್" ಎಂದಳು.

ಪ್ರಭಾಕರ್ ಸರ್ ಇನ್ನೊಂದು ಸಲ ಓದಿದರು, ಮೊದಲಿಗಿಂತ ಜೋರಾಗಿ.